ತಾಲೀಮು ಎಷ್ಟು ದೂರ ಒಯ್ಯುತ್ತದೆ?

2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಬೆನ್ನಿಗೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಅದನ್ನು 100 ಮೀಟರಿಗೆ ಇಳಿಸಿ ಲೆಕ್ಕ ಹಾಕಿದವರಿಗೆ 9.55 ಸೆಕೆಂಡು ಸಿಕ್ಕಿತು. ಉಸೇನ್ ಬೋಲ್ಟ್ ಅವರ ವಿಶ್ವದಾಖಲೆ 9.58. ನೋಡನೋಡುತ್ತಿದ್ದಂತೆ ದೇಶವೆಲ್ಲ ಅವರ ಮಾತೇ ಆಯಿತು. ಕೇಂದ್ರ ಕ್ರೀಡಾ ಸಚಿವರು ಭಾರತೀಯ ಕ್ರೀಡಾ ಪ್ರಾಧಿಕಾರದ ಕೋಚ್‌ಗಳ ಮುಂದೆ ಓಡಿ ತೋರಿಸಲು ಅವರನ್ನು ಕರೆದರು. ಗೌಡರು ಒಪ್ಪಲಿಲ್ಲ. ಕೆಸರುಗದ್ದೆಯ ಓಟವೇ ಬೇರೆ, ಟ್ರ್ಯಾಕ್ ಓಟವೇ ಬೇರೆ, ಇಲ್ಲಿ ಹಿಮ್ಮಡಿಗೆ ಕೆಲಸ, ಅಲ್ಲಿ ಕಾಲ್ಬೆರಳಿಗೆ ಎಂದರು. ಕಂಬಳದ ಕರೆಯಲ್ಲಿ, ಅಂದರೆ ಓಟದ ಕೆಸರುಗದ್ದೆಯಲ್ಲಿ, ಅಳೆಯುವುದು ಕೋಣಗಳ ಓಟವನ್ನು. ಅವುಗಳ ಸೆಳೆತ ಓಡಿಸುವವನನ್ನೂ ಎಳೆದೊಯ್ಯುತ್ತದೆ. ಅಂದು ನಡೆದ ಚರ್ಚೆಯಲ್ಲಿ ಎಲ್ಲರಿಗಿಂತ ಖಚಿತವಾಗಿ ಮಾತಾಡಿದವರು ಗೌಡರೇ.

ಆ ಗದ್ದಲದಲ್ಲಿ ಎರಡು ನಂಬಿಕೆಗಳು ಒಟ್ಟಿಗೇ ಕೇಳಿಬಂದವು. ಓಟ ಆ ಮನುಷ್ಯನ ಮೈಯಲ್ಲೇ ಇದೆ, ಗುರುತಿಸುವ ಕಣ್ಣು ಬೇಕಿತ್ತು ಅಷ್ಟೇ ಎಂಬುದು ಒಂದು. ಒಳ್ಳೆಯ ಕೋಚ್, ಒಳ್ಳೆಯ ಊಟ, ನಾಲ್ಕು ವರ್ಷದ ತಾಲೀಮು ಕೊಟ್ಟರೆ ಯಾರನ್ನಾದರೂ ಒಲಿಂಪಿಕ್ಸ್‌ಗೆ ಕಳಿಸಬಹುದು ಎಂಬುದು ಇನ್ನೊಂದು. ಈ ಎರಡರ ನಡುವಿನ ಜಗಳಕ್ಕೆ ಒಂದೂವರೆ ಶತಮಾನದ ಇತಿಹಾಸವಿದೆ.

ಮೊದಲು ಪ್ರಶ್ನೆಯನ್ನು ಸರಿಯಾಗಿ ಇಟ್ಟುಕೊಳ್ಳಬೇಕು. ತಾಲೀಮಿನಿಂದ ದೇಹ ಸುಧಾರಿಸುತ್ತದೆಯೇ ಎಂಬ ಬಗ್ಗೆ ಯಾರಿಗೂ ತಕರಾರಿಲ್ಲ. ಎಲ್ಲರೂ ಏಕಕಾಲಕ್ಕೆ ವಿಶ್ವಮಟ್ಟ ಮುಟ್ಟಲಾರರು ಎಂಬುದರಲ್ಲೂ ಇಲ್ಲ. ಒಲಿಂಪಿಕ್ಸ್‌ನ 100 ಮೀಟರ್ ಫೈನಲ್‌ನಲ್ಲಿ ಇರುವುದೇ ಎಂಟು ಲೇನು. ವಿವಾದ ಇರುವುದು ಇಲ್ಲಿ: ಆರೋಗ್ಯವಾಗಿ ಹುಟ್ಟಿದ ಯಾವುದೇ ಮಗುವನ್ನು ಆರಿಸಿ, ಬೇಕಾದ ತರಬೇತಿಯನ್ನು ಬೇಕಾದಷ್ಟು ವರ್ಷ ಕೊಟ್ಟರೆ ಆ ಎಂಟರಲ್ಲಿ ಒಬ್ಬರಾಗಲು ಸಾಧ್ಯವೇ?

ಗಾಲ್ಟನ್‌ನಿಂದ ಹತ್ತು ಸಾವಿರ ಗಂಟೆಯವರೆಗೆ

ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1869ರಲ್ಲಿ ಬರೆದ ಪುಸ್ತಕ ಪ್ರತಿಭೆ ವಂಶಪಾರಂಪರ್ಯ ಎಂದು ವಾದಿಸಿತು. ಕಸರತ್ತು ಶುರುಮಾಡಿದ ಹೊಸಬನ ಉದಾಹರಣೆಯನ್ನು ಆತ ಕೊಟ್ಟಿದ್ದ: ಆರಂಭದಲ್ಲಿ ದಿನದಿನಕ್ಕೂ ಶಕ್ತಿ ಏರುತ್ತದೆ, ತನಗೆ ಮಿತಿಯೇ ಇಲ್ಲವೆನಿಸುತ್ತದೆ, ಆಮೇಲೆ ಏರಿಕೆ ನಿಧಾನವಾಗಿ ಒಂದು ಗೋಡೆಗೆ ತಾಗಿ ನಿಲ್ಲುತ್ತದೆ, ಆ ಗೋಡೆ ಎಲ್ಲಿರಬೇಕೆಂಬುದು ಹುಟ್ಟಿನಲ್ಲೇ ತೀರ್ಮಾನವಾಗಿರುತ್ತದೆ. 1920ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಜಾನ್ ವಾಟ್ಸನ್ ಇದಕ್ಕೆ ನೇರ ಎದುರಾಗಿ ನಿಂತ. ಆರೋಗ್ಯವಂತ ಶಿಶುಗಳನ್ನು ಕೊಡಿ, ಬೆಳೆಸುವ ಪರಿಸರವನ್ನು ನನ್ನ ಕೈಗೆ ಬಿಡಿ, ಬೇಕಾದ ವೃತ್ತಿಗೆ ತಯಾರು ಮಾಡಿ ಕೊಡುತ್ತೇನೆ ಎಂದು ಸವಾಲು ಹಾಕಿದ. ಇಬ್ಬರೂ ಪುರಾವೆಗಿಂತ ಹೆಚ್ಚು ಮಾತಾಡಿದ್ದರು.

ಅಳತೆಯ ಕಾಲ ಬಂದದ್ದು ಚದುರಂಗದಿಂದ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಚದುರಂಗದ ದಿಗ್ಗಜರನ್ನು ಪರೀಕ್ಷಿಸಿ, ಆ ಮಟ್ಟ ಮುಟ್ಟಲು ಹೆಚ್ಚುಕಡಿಮೆ ಹತ್ತು ವರ್ಷದ ತಪಸ್ಸು ಬೇಕು ಎಂದರು. ಇಪ್ಪತ್ತು ವರ್ಷದ ನಂತರ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್‌ನ ಸಂಗೀತ ಅಕಾಡೆಮಿಯ ಪಿಟೀಲು ವಿದ್ಯಾರ್ಥಿಗಳ ಅಭ್ಯಾಸದ ಲೆಕ್ಕ ತೆಗೆದರು. ಅತ್ಯುತ್ತಮರು 18 ವರ್ಷ ತುಂಬುವ ಹೊತ್ತಿಗೆ ಸರಾಸರಿ 7,400 ಗಂಟೆ ಒಬ್ಬರೇ ಕೂತು ಅಭ್ಯಾಸ ಮಾಡಿದ್ದರು, ಅವರಿಗಿಂತ ಒಂದು ಮೆಟ್ಟಿಲು ಕೆಳಗಿನವರು 5,300, ಮುಂದೆ ಸಂಗೀತ ಶಿಕ್ಷಕರಾಗಲಿದ್ದವರು 3,400. ಹಾಡುತ್ತಾ ಹಾಡುತ್ತಾ ರಾಗ ಎಂಬ ಗಾದೆಗೆ ಅಂಕಿಅಂಶದ ಬೆಂಬಲ ಸಿಕ್ಕಂತಾಯಿತು. ಎರಿಕ್ಸನ್ ಹೇಳಿದ್ದು ಬರೀ ಗಂಟೆಯ ವಿಷಯವಲ್ಲ ಎಂಬುದನ್ನು ಒತ್ತಿ ಹೇಳಬೇಕು. ತನಗೆ ಬಾರದ್ದನ್ನೇ ಹುಡುಕಿ, ಗುರುವಿನ ಮಾರ್ಗದರ್ಶನದಂತೆ, ತಪ್ಪು ತಿದ್ದಿಕೊಳ್ಳುತ್ತ ಮಾಡುವ ತಾಲೀಮನ್ನಷ್ಟೇ ಅವರು ಎಣಿಸಿದರು. ಕ್ರೀಡೆಗೂ ಇದನ್ನು ಅನ್ವಯಿಸಿದ ಅವರು ಎತ್ತರ ಮತ್ತು ದೇಹದ ಗಾತ್ರ ಇವೆರಡನ್ನು ಮಾತ್ರ ಹೊರಗಿಟ್ಟರು. ಉಳಿದದ್ದೆಲ್ಲ ತಾಲೀಮಿಗೆ ಬಗ್ಗುತ್ತದೆ ಎಂದರು.

2008ರಲ್ಲಿ ಮಾಲ್ಕಂ ಗ್ಲಾಡ್‌ವೆಲ್ ಅವರ ‘ಔಟ್‌ಲೈಯರ್ಸ್’ ಪುಸ್ತಕ ಇದನ್ನು ಹತ್ತು ಸಾವಿರ ಗಂಟೆಯ ನಿಯಮವಾಗಿ ಮಾಡಿ ಮನೆಮನೆಗೆ ಮುಟ್ಟಿಸಿತು. ಅದೊಂದು ಸರಾಸರಿ, ನಿಯಮವಲ್ಲ ಎಂದು ಎರಿಕ್ಸನ್ ಆಮೇಲೆ ಬರೆದರೂ ಕೇಳುವವರು ಕಡಿಮೆಯಿದ್ದರು. ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಛಾಯಾಗ್ರಾಹಕ ಡ್ಯಾನ್ ಮೆಕ್‌ಲಾಫ್ಲಿನ್ 2010ರಲ್ಲಿ ಕೆಲಸ ಬಿಟ್ಟು, ಗಾಲ್ಫ್‌ನ ಗಂಧವೂ ಇಲ್ಲದೆ, ಹತ್ತು ಸಾವಿರ ಗಂಟೆ ತಾಲೀಮು ಮಾಡಿ ವೃತ್ತಿಪರ ಆಟಗಾರನಾಗುತ್ತೇನೆಂದು ಹೊರಟರು. ಸುಮಾರು ಆರು ಸಾವಿರ ಗಂಟೆಯ ಹೊತ್ತಿಗೆ ಬೆನ್ನುನೋವು ಅವರನ್ನು ನಿಲ್ಲಿಸಿತು. ಅಷ್ಟರಲ್ಲಿ ಹವ್ಯಾಸಿಗಳಲ್ಲಿ ಬಹಳ ಮೇಲಿನ ಮಟ್ಟಕ್ಕೆ ಏರಿದ್ದರು. ವೃತ್ತಿಪರರ ಮಟ್ಟ ಇನ್ನೂ ದೂರವಿತ್ತು. ಒಬ್ಬರ ಕಥೆಯಿಂದ ಯಾವ ವಾದವೂ ಗೆಲ್ಲುವುದಿಲ್ಲ. ಆದರೂ ಈ ಕಥೆಯನ್ನು ಎರಡೂ ಪಕ್ಷದವರು ತಮ್ಮ ಸಾಕ್ಷಿಯೆಂದು ಹೇಳಿಕೊಳ್ಳುತ್ತಾರೆ.

ಗಂಟೆಗಳ ಲೆಕ್ಕ ಎಲ್ಲಿ ತಪ್ಪುತ್ತದೆ

2014ರಲ್ಲಿ ಬ್ರೂಕ್ ಮ್ಯಾಕ್‌ನಮಾರಾ ಮತ್ತು ಸಂಗಡಿಗರು ಅಲ್ಲಿಯವರೆಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದರು. ಕ್ರೀಡೆಯಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಸಾಧನೆಯ ವ್ಯತ್ಯಾಸದಲ್ಲಿ ಶೇ 18ರಷ್ಟನ್ನು ಮಾತ್ರ ತಾಲೀಮಿನ ಗಂಟೆಗಳು ವಿವರಿಸಿದವು. ಎರಡು ವರ್ಷದ ನಂತರ ಕ್ರೀಡೆಯೊಂದನ್ನೇ ತೆಗೆದುಕೊಂಡು ನೋಡಿದಾಗ, ಅಗ್ರಶ್ರೇಣಿಯವರ ನಡುವಿನ ವ್ಯತ್ಯಾಸದಲ್ಲಿ ತಾಲೀಮಿನ ಪಾಲು ಶೇ 1ಕ್ಕೆ ಇಳಿದಿತ್ತು.

ಈ ಅಂಕಿಯನ್ನು ತಪ್ಪಾಗಿ ಓದುವುದು ಸುಲಭ. ಉಳಿದ ಶೇ 82 ಜೀನ್‌ಗಳದ್ದು ಎಂದು ಇದರ ಅರ್ಥವಲ್ಲ. ಅದರಲ್ಲಿ ಗಾಯ, ಕೋಚ್, ಹಣ, ಶುರುಮಾಡಿದ ವಯಸ್ಸು, ಅದೃಷ್ಟ ಎಲ್ಲವೂ ಸೇರಿವೆ. ಶೇ 1 ಎಂದರೆ ತಾಲೀಮು ನಿರರ್ಥಕ ಎಂದೂ ಅಲ್ಲ. ಒಲಿಂಪಿಕ್ಸ್ ಫೈನಲ್ ತಲುಪಿದ ಎಂಟೂ ಜನ ಸಾವಿರಾರು ಗಂಟೆ ಬೆವರು ಹರಿಸಿಯೇ ಬಂದಿರುತ್ತಾರೆ. ಎಲ್ಲರಲ್ಲೂ ಸಮನಾಗಿರುವುದು ಅವರ ನಡುವಿನ ಅಂತರವನ್ನು ವಿವರಿಸಲಾರದು. ತಾಲೀಮು ಒಳಗೆ ಬರಲು ಬೇಕೇ ಬೇಕು, ಆದರೆ ಅದೊಂದೇ ಸಾಲದು ಎಂಬಷ್ಟನ್ನು ಈ ಅಧ್ಯಯನಗಳು ಗಟ್ಟಿಯಾಗಿ ಹೇಳುತ್ತವೆ.

2007ರ ಒಸಾಕಾ ವಿಶ್ವ ಚಾಂಪಿಯನ್‌ಷಿಪ್‌ನ ಹೈಜಂಪ್ ಸ್ಪರ್ಧೆಯನ್ನು ಡೇವಿಡ್ ಎಪ್‌ಸ್ಟೀನ್ 2013ರ ತಮ್ಮ ಪುಸ್ತಕದಲ್ಲಿ ಇದಕ್ಕೆ ಉದಾಹರಣೆಯಾಗಿ ಕೊಡುತ್ತಾರೆ. ಒಂದು ಕಡೆ ಸ್ವೀಡನ್ನಿನ ಸ್ಟೀಫನ್ ಹೋಮ್: ಬಾಲ್ಯದಿಂದ ಹೈಜಂಪ್ ಬಿಟ್ಟು ಬೇರೇನನ್ನೂ ಯೋಚಿಸದ, 1.81 ಮೀಟರ್ ಎತ್ತರದ, 2004ರ ಅಥೆನ್ಸ್‌ನಲ್ಲಿ 2.36 ಮೀಟರ್ ಜಿಗಿದು ಚಿನ್ನ ಗೆದ್ದ ಆಟಗಾರ. ಇನ್ನೊಂದು ಕಡೆ ಬಹಾಮಾಸ್‌ನ ಡೊನಾಲ್ಡ್ ಥಾಮಸ್: 2006ರಲ್ಲಿ ಕಾಲೇಜಿನ ಗೆಳೆಯರ ಜತೆ ಪಂಥ ಕಟ್ಟಿ ಮೊದಲ ಬಾರಿಗೆ ಪಟ್ಟಿ ದಾಟಿದ ಬ್ಯಾಸ್ಕೆಟ್‌ಬಾಲ್ ಆಟಗಾರ. ಗೆದ್ದದ್ದು 2.35 ಮೀಟರ್ ಜಿಗಿದ ಥಾಮಸ್, ಹೋಮ್ ನಾಲ್ಕನೆಯವರಾದರು. ಥಾಮಸ್‌ಗೆ ಉದ್ದ ಕಾಲು, ಸ್ಪ್ರಿಂಗಿನಂಥ ಉದ್ದನೆಯ ಹಿಮ್ಮಡಿ ಸ್ನಾಯುರಜ್ಜು ಹುಟ್ಟಿನಿಂದಲೇ ಬಂದಿದ್ದವು. ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುವವರು ಅರ್ಧ ಸತ್ಯ ಹೇಳುತ್ತಾರೆ. ಥಾಮಸ್ ಆಮೇಲೆ ವರ್ಷಗಟ್ಟಲೆ ತರಬೇತಿ ಪಡೆದರೂ ಆ ಎತ್ತರದಿಂದ ಹೆಚ್ಚೇನೂ ಮೇಲೇರಲಿಲ್ಲ. ಎತ್ತರ ಕಡಿಮೆಯಿದ್ದ ಹೋಮ್ ತಾಲೀಮಿನಿಂದಲೇ ಒಳಾಂಗಣದಲ್ಲಿ 2.40 ಮೀಟರ್ ದಾಟಿದ್ದರು. ಒಂದೇ ಎತ್ತರಕ್ಕೆ ಇಬ್ಬರು ಎರಡು ಹಾದಿಯಲ್ಲಿ ಬಂದಿದ್ದರು.

ರಕ್ತದಲ್ಲಿ, ಸ್ನಾಯುವಿನಲ್ಲಿ

ತಾಲೀಮಿಗೆ ಎಲ್ಲರ ದೇಹವೂ ಒಂದೇ ರೀತಿ ಸ್ಪಂದಿಸುತ್ತದೆಯೇ? ಈ ಪ್ರಶ್ನೆಗೆ ಕ್ಲಾಡ್ ಬೂಷಾರ್ ನೇತೃತ್ವದ ಹೆರಿಟೇಜ್ ಅಧ್ಯಯನ ಕೊಟ್ಟ ಉತ್ತರ ನನಗೆ ಇಡೀ ಚರ್ಚೆಯಲ್ಲೇ ಅತ್ಯಂತ ಮಹತ್ವದ್ದಾಗಿ ಕಾಣುತ್ತದೆ. ವ್ಯಾಯಾಮದ ರೂಢಿಯಿಲ್ಲದ ಕುಟುಂಬಗಳ ತಂದೆ, ತಾಯಿ, ಮಕ್ಕಳಿಗೆ 20 ವಾರ ಒಂದೇ ಪ್ರಮಾಣದ ಸೈಕಲ್ ತಾಲೀಮು ಕೊಟ್ಟು, ದೇಹ ಆಮ್ಲಜನಕ ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯವನ್ನು ಮೊದಲೂ ಕೊನೆಗೂ ಅಳೆದರು. ಸರಾಸರಿ ಏರಿಕೆ ನಿಮಿಷಕ್ಕೆ ಸುಮಾರು 400 ಮಿಲಿಲೀಟರ್. ಆದರೆ ಕೆಲವರಲ್ಲಿ ಏರಿಕೆ ಇಲ್ಲವೆನ್ನುವಷ್ಟು ಕಡಿಮೆ, ಕೆಲವರಲ್ಲಿ ಒಂದು ಲೀಟರಿಗೂ ಹೆಚ್ಚು. ಮತ್ತು ಈ ಏರುಪೇರು ಕುಟುಂಬಗಳ ಉದ್ದಕ್ಕೂ ಹರಿದಿತ್ತು. 1999ರಲ್ಲಿ ಪ್ರಕಟವಾದ ವರದಿ ಅದರ ವಂಶಾಂಶವನ್ನು, ಅಂದರೆ ಆ ಏರುಪೇರಿನಲ್ಲಿ ವಂಶದ ಪಾಲನ್ನು, ಶೇ 47ರವರೆಗೆ ಎಂದು ಅಂದಾಜಿಸಿತು. ತಾಲೀಮನ್ನು ಮೈಗೂಡಿಸಿಕೊಳ್ಳುವ ಶಕ್ತಿಯಲ್ಲಿನ ವ್ಯತ್ಯಾಸವೇ ಅರ್ಧದಷ್ಟು ಹುಟ್ಟಿನಿಂದ ಬರುವುದಾದರೆ, ಹುಟ್ಟು ಬೇರೆ, ತಾಲೀಮು ಬೇರೆ ಎಂದು ಇಬ್ಭಾಗ ಮಾಡಿ ನಡೆಸುವ ಜಗಳಕ್ಕೆ ಅರ್ಥವೇ ಉಳಿಯುವುದಿಲ್ಲ.

ಇದಕ್ಕೂ ಒಂದು ತಿದ್ದುಪಡಿ ಬಂದಿದೆ. 2017ರಲ್ಲಿ ಡೇವಿಡ್ ಮೊಂಟೆರೊ ಮತ್ತು ಕಾರ್ಸ್ಟನ್ ಲುಂಡ್‌ಬಿ, ವಾರಕ್ಕೆ ಒಂದರಿಂದ ಐದು ಗಂಟೆಯವರೆಗೆ ಬೇರೆಬೇರೆ ಪ್ರಮಾಣದ ತಾಲೀಮು ಕೊಟ್ಟು ನೋಡಿದರು. ಸ್ಪಂದಿಸದವರು ಎನಿಸಿದ್ದವರಿಗೆ ಪ್ರಮಾಣ ಹೆಚ್ಚಿಸಿದಾಗ ಅವರೆಲ್ಲರೂ ಸ್ಪಂದಿಸಿದರು. ಎಷ್ಟು ಸುಧಾರಿಸುತ್ತಾರೆ ಎಂಬುದು ಹೆಚ್ಚುಕಡಿಮೆ ಇರಬಹುದು, ಆದರೆ ತಾಲೀಮಿಗೆ ಜಗ್ಗದ ದೇಹವೇ ಇಲ್ಲ ಎಂದು ಅವರ ತೀರ್ಮಾನ.

ಒಂಟಿ ಜೀನ್‌ನ ಕಥೆಗಳಲ್ಲಿ ಪ್ರಸಿದ್ಧವಾದದ್ದು ಫಿನ್ಲೆಂಡಿನ ಸ್ಕೀಯಿಂಗ್ ಪಟು ಈರೊ ಮಾಂಟಿರಾಂಟಾ ಅವರದು. ಮೂರು ಚಿನ್ನವೂ ಸೇರಿ ಏಳು ಒಲಿಂಪಿಕ್ ಪದಕ ಗೆದ್ದ ಅವರ ರಕ್ತದಲ್ಲಿ ಕೆಂಪುಕಣಗಳು ವಿಪರೀತ ಹೆಚ್ಚಿದ್ದವು. ಅದಕ್ಕೆ ಕಾರಣವಾದ ಜೀನ್ ಬದಲಾವಣೆ 1993ರಲ್ಲಿ ಪತ್ತೆಯಾಯಿತು. ಆ ಬದಲಾವಣೆ ಅವರ ಬಂಧುಬಳಗದಲ್ಲಿ ಹಲವರಿಗಿತ್ತು. ಅವರಲ್ಲಿ ಹೆಚ್ಚಿನವರು ಚಾಂಪಿಯನ್ ಆಗಲಿಲ್ಲ. ವೇಗದ ಸ್ನಾಯುತಂತುಗಳಿಗೆ ಸಂಬಂಧಿಸಿದ ಎಸಿಟಿಎನ್3 ಜೀನ್ ಇನ್ನೊಂದು. ಅದು ಕೆಲಸ ಮಾಡದವರು ಒಲಿಂಪಿಕ್ಸ್ ಮಟ್ಟದ ಸ್ಪ್ರಿಂಟ್‌ನಲ್ಲಿ ಕಾಣಸಿಗುವುದು ಅಪರೂಪ ಎಂದು 2003ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ತೋರಿಸಿದರು. ಆದರೆ ಅದು ಕೆಲಸ ಮಾಡುವವರು ಭೂಮಿಯ ಮೇಲೆ ನೂರಾರು ಕೋಟಿ ಇದ್ದಾರೆ. ಇಲ್ಲದಿದ್ದರೆ ಬಾಗಿಲು ಮುಚ್ಚಬಹುದು, ಇದ್ದ ಮಾತ್ರಕ್ಕೆ ತೆರೆಯುವುದಿಲ್ಲ.

ಬ್ರಿಟನ್ನಿನ ಅವಳಿ ಸಹೋದರಿಯರ ಅಧ್ಯಯನವೊಂದು 2007ರಲ್ಲಿ ಕ್ರೀಡಾಪಟುವಾಗುವುದರಲ್ಲಿ ವಂಶಾಂಶ ಶೇ 66 ಎಂದಿತು. ಇಂಥ ಅಂಕಿ ಕೈಗೆ ಸಿಕ್ಕಾಗ ಒಂದು ಎಚ್ಚರ ಬೇಕು. ಒಂದೇ ಗದ್ದೆಯಲ್ಲಿ ಸಮನಾಗಿ ನೀರು, ಗೊಬ್ಬರ ಕೊಟ್ಟು ಬೆಳೆದ ಪೈರಿನಲ್ಲಿ ಕಾಣುವ ಹೆಚ್ಚುಕಡಿಮೆ ಬಹುಪಾಲು ಬೀಜದ್ದೇ ಆಗಿರುತ್ತದೆ. ಅರ್ಧ ಗದ್ದೆಗೆ ನೀರೇ ಹರಿಯದಿದ್ದರೆ ಅದೇ ಬೀಜದ ಪಾಲು ಕುಗ್ಗಿಬಿಡುತ್ತದೆ. ಬ್ರಿಟನ್ನಿನ ಶೇ 66 ಕಲಬುರಗಿಯ ಅಥವಾ ಬಸ್ತರಿನ ಮಕ್ಕಳ ಬಗ್ಗೆ ಏನನ್ನೂ ಹೇಳುವುದಿಲ್ಲ.

ಸಿದ್ದಿಗಳ ಮೇಲೆ ನಡೆದ ಪ್ರಯೋಗ

ಹುಟ್ಟೋ ತಾಲೀಮೋ ಎಂಬ ಪ್ರಶ್ನೆಯನ್ನು ಒಂದು ಸರ್ಕಾರ ನೇರವಾಗಿ ಮನುಷ್ಯರ ಮೇಲೆ ಪರೀಕ್ಷಿಸಿದ್ದು ನಮ್ಮ ಉತ್ತರ ಕನ್ನಡದಲ್ಲೇ. 1980ರ ದಶಕದ ಉತ್ತರಾರ್ಧದಲ್ಲಿ, ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಕ್ರೀಡಾ ಯೋಜನೆಯೊಂದನ್ನು ಶುರುಮಾಡಿತು. ಬಿಲ್ಲು ಹಿಡಿದು ಬೆಳೆದ ಆದಿವಾಸಿ ಮಕ್ಕಳಿಂದ ಬಿಲ್ಲುಗಾರರನ್ನು, ಆಫ್ರಿಕ ಮೂಲದ ಸಿದ್ದಿಗಳಿಂದ ಓಟಗಾರರನ್ನು ತಯಾರು ಮಾಡುವುದು ಅದರ ಆಶಯ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಊರುಗಳಿಂದ ಸಿದ್ದಿ ಹುಡುಗ ಹುಡುಗಿಯರನ್ನು ಆರಿಸಿ ಹಾಸ್ಟೆಲಿಗೆ ಕರೆದೊಯ್ದರು. ಹೆಪ್ಟಾಥ್ಲಾನ್‌ನಲ್ಲಿ ಹೆಸರು ಮಾಡಿದ ಕಮಲಾ ಸಿದ್ದಿಯಂಥವರು ಅಲ್ಲಿಂದ ಬಂದರು. ಬಿಲ್ಲುಗಾರಿಕೆಯಲ್ಲಿ ಇದೇ ಯೋಜನೆ ರಾಜಸ್ಥಾನದ ಲಿಂಬಾ ರಾಮ್ ಅವರನ್ನು ಮೂರು ಒಲಿಂಪಿಕ್ಸ್‌ವರೆಗೆ ಒಯ್ದಿತು. ಆದರೆ ಸಿದ್ದಿಗಳ ಯೋಜನೆ 1990ರ ದಶಕದ ಮೊದಲ ವರ್ಷಗಳಲ್ಲೇ ನಿಂತುಹೋಯಿತು. ಮೈದಾನಕ್ಕೆ ಬಂದಿದ್ದ ಹಲವರು ಕ್ರೀಡಾ ಕೋಟಾದ ನೌಕರಿ ಹಿಡಿದರು, ಉಳಿದವರು ಊರಿಗೆ ಮರಳಿದರು.

ಯೋಜನೆಯ ಹಿಂದಿನ ತರ್ಕದಲ್ಲೇ ದೋಷವಿತ್ತು. ಆಫ್ರಿಕ ಒಂದು ವಂಶವಲ್ಲ. ಮನುಷ್ಯಕುಲದ ತಳಿವೈವಿಧ್ಯ ಅತಿ ಹೆಚ್ಚಿರುವುದೇ ಆ ಖಂಡದಲ್ಲಿ. ಸ್ಪ್ರಿಂಟ್ ದಾಖಲೆಗಳನ್ನು ಬರೆದವರು ಹೆಚ್ಚಾಗಿ ಪಶ್ಚಿಮ ಆಫ್ರಿಕ ಮೂಲದವರು. ದೂರದ ಓಟ ಗೆಲ್ಲುವ ಕೀನ್ಯಾದ ಕಲೆಂಜಿನ್ ಜನ ಪೂರ್ವದ ಎತ್ತರದ ನೆಲದವರು. ಸಿದ್ದಿಗಳ ಪೂರ್ವಿಕರು ಬಾಂಟು ಭಾಷಿಕ ಸಮುದಾಯಗಳವರು, ಶತಮಾನಗಳ ಹಿಂದೆ ಇಲ್ಲಿಗೆ ಬಂದು ಸ್ಥಳೀಯರೊಡನೆ ಬೆರೆತವರು ಎಂದು 2011ರ ತಳಿ ಅಧ್ಯಯನ ತಿಳಿಸಿತು. ಮೈಬಣ್ಣ, ಕೂದಲು ನೋಡಿ ವೇಗವನ್ನು ಊಹಿಸಿದ್ದರು. ಅದಕ್ಕಿಂತ ದೊಡ್ಡ ತಪ್ಪು, ಅರ್ಧಕ್ಕೇ ಕೈಬಿಟ್ಟದ್ದು. ಒಂದು ತಲೆಮಾರಿನ ಓಟಗಾರರು ಪಕ್ವವಾಗಲು ಬೇಕಾದಷ್ಟು ಕಾಲವನ್ನೂ ಕೊಡದ ಪ್ರಯೋಗದಿಂದ ಪರವಾಗಲೀ ವಿರೋಧವಾಗಲೀ ಯಾವ ತೀರ್ಮಾನವೂ ಹೊರಡುವುದಿಲ್ಲ. ಇದು ಆ ಮಕ್ಕಳಿಗೆ ಆದ ಅನ್ಯಾಯ ಎಂದೇ ನಾನು ಭಾವಿಸುತ್ತೇನೆ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಅವರ ಓಟ ಬೇಕೆನಿಸಿದ್ದು ಅದಕ್ಕೂ ಮೊದಲು.

ಜನಾಂಗದ ಹೆಸರಲ್ಲಿ ವೇಗವನ್ನು ವಿವರಿಸುವ ಚಟ ಹಳೆಯದು. 1920ರ ದಶಕದಲ್ಲಿ ದೂರದ ಓಟವೆಂದರೆ ಫಿನ್ಲೆಂಡ್. ಪಾವೊ ನೂರ್ಮಿ ಒಬ್ಬರೇ ಒಂಬತ್ತು ಒಲಿಂಪಿಕ್ ಚಿನ್ನ ಗೆದ್ದರು. ಆಗ ಫಿನ್ನಿಷ್ ರಕ್ತದ ಗುಣಗಾನ ನಡೆದಿತ್ತು. ಇಂದು ಆ ಪಟ್ಟ ಪೂರ್ವ ಆಫ್ರಿಕದ್ದು. ಒಂದು ಶತಮಾನದಲ್ಲಿ ಫಿನ್ನರ ಜೀನ್‌ಗಳು ಬದಲಾಗಲಿಲ್ಲ.

ಊರು ಬೆಳೆಸಿದ ಆಟಗಾರರು

ಮೂರನೆಯ ಪಂಥದವರು ಕೇಳುವ ಪ್ರಶ್ನೆಯೇ ಬೇರೆ: ಕೆಲವು ಊರುಗಳು ಮಾತ್ರ ಇಷ್ಟೊಂದು ಆಟಗಾರರನ್ನು ಹೇಗೆ ಹೆರುತ್ತವೆ? ಕೀನ್ಯಾದ ಇಟೆನ್ ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದ ಪಟ್ಟಣ. ಐರ್ಲೆಂಡಿನಿಂದ 1976ರಲ್ಲಿ ಅಲ್ಲಿನ ಶಾಲೆಗೆ ಮೇಷ್ಟರಾಗಿ ಬಂದ ಬ್ರದರ್ ಕಾಮ್ ಒ’ಕಾನೆಲ್ ಓಟದ ತರಬೇತಿ ಪಡೆದವರಲ್ಲ. ಹುಡುಗರನ್ನು ನೋಡುತ್ತಲೇ ಕಲಿತು 800 ಮೀಟರ್ ವಿಶ್ವದಾಖಲೆಯ ಡೇವಿಡ್ ರುಡಿಶಾವರೆಗೆ ಬೆಳೆಸಿದರು. ಕಲೆಂಜಿನ್‌ರ ಮೊಣಕಾಲ ಕೆಳಗಿನ ತೆಳುವಾದ ಕಾಲು ಓಟದಲ್ಲಿ ಶಕ್ತಿ ಉಳಿಸುತ್ತದೆ ಎಂಬ ಅಧ್ಯಯನಗಳಿವೆ. ಸಂಶೋಧಕ ಯಾನ್ನಿಸ್ ಪಿಟ್ಸಿಲಾಡಿಸ್ ವರ್ಷಗಟ್ಟಲೆ ಹುಡುಕಿದರೂ ಈ ಓಟಗಾರರ ಗೆಲುವನ್ನು ವಿವರಿಸುವ ಒಂದು ಜೀನ್ ಸಿಗಲಿಲ್ಲ. ಜಮೈಕಾದಲ್ಲಿ 1910ರಿಂದ ನಡೆಯುತ್ತಿರುವ ಶಾಲಾ ಅಥ್ಲೆಟಿಕ್ಸ್ ಕೂಟಕ್ಕೆ ಇಡೀ ದೇಶವೇ ಬಂದು ಕೂರುತ್ತದೆ. ವೇಗವಾಗಿ ಓಡುವ ಮಗು ಅಲ್ಲಿ ಕಣ್ತಪ್ಪಿಸಿ ಬೆಳೆಯುವುದು ಕಷ್ಟ.

ನಮ್ಮಲ್ಲಿ ಇದಕ್ಕೆ ಕೊಡಗಿಗಿಂತ ಒಳ್ಳೆಯ ನಿದರ್ಶನವಿಲ್ಲ. ಹಾಕಿ ಆಟಗಾರರಾದ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್ ಎಲ್ಲರೂ ಆ ಪುಟ್ಟ ಜಿಲ್ಲೆಯವರು. ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡ ಗ್ರಾಮದಲ್ಲಿ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ ಹಬ್ಬದಲ್ಲಿ ಮನೆತನಕ್ಕೊಂದು ತಂಡ. ಅಜ್ಜನೂ ಮೊಮ್ಮಗನೂ, ಹೆಣ್ಣುಮಕ್ಕಳೂ ಒಂದೇ ತಂಡದಲ್ಲಿ ಆಡುತ್ತಾರೆ. ಈಗ ಸೇರುವ ತಂಡಗಳು 300ಕ್ಕೂ ಹೆಚ್ಚು. ಇದನ್ನು ಕೊಡವರ ಮೈಕಟ್ಟಿನ ಮಹಿಮೆ ಎನ್ನುವವರಿಗೆ ಸೋಮವಾರಪೇಟೆಯ ಎಸ್.ವಿ. ಸುನಿಲ್ ಉತ್ತರ. ಬಡಗಿಯೊಬ್ಬರ ಮಗನಾದ ಅವರು ಕೊಡವರಲ್ಲ. ಅವರಿಗೆ ಸಿಕ್ಕಿದ್ದು ಹಾಕಿಯೇ ಉಸಿರಾಗಿದ್ದ ಊರು.

ಪರಿಸರದ ಕೈವಾಡ ಇನ್ನೂ ಸಣ್ಣ ಸಂಗತಿಗಳಲ್ಲೂ ಇದೆ. ಕೆನಡಾದ ಐಸ್ ಹಾಕಿಯಲ್ಲಿ ವಯೋಮಿತಿಯ ಲೆಕ್ಕ ಜನವರಿ 1ರಿಂದ ಶುರುವಾಗುತ್ತಿತ್ತು. ಅಗ್ರ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತುಂಬಿದ್ದರು ಎಂದು 1985ರಲ್ಲಿ ರೋಜರ್ ಬಾರ್ನ್ಸ್‌ಲಿ ತೋರಿಸಿದರು. ಹತ್ತು ತಿಂಗಳು ದೊಡ್ಡವನಾದ ಹುಡುಗ ಕೋಚ್ ಕಣ್ಣಿಗೆ ಪ್ರತಿಭಾವಂತನಾಗಿ ಕಂಡು, ಹೆಚ್ಚು ತರಬೇತಿ ಪಡೆದು, ಕೊನೆಗೆ ನಿಜಕ್ಕೂ ಪ್ರತಿಭಾವಂತನಾಗಿಬಿಡುತ್ತಾನೆ.

ತಡವಾಗಿ ಬಂದವರು

ಬೆಳೆಯುವ ಸಿರಿ ಮೊಳಕೆಯಲ್ಲೇ ಎಂಬ ಮಾತನ್ನು ಇತ್ತೀಚಿನ ಸಂಶೋಧನೆ ಅಲುಗಾಡಿಸಿದೆ. ಜರ್ಮನಿಯ ಆರ್ನೆ ಗುಲಿಶ್, ಮ್ಯಾಕ್‌ನಮಾರಾ ಮತ್ತು ಡೇವಿಡ್ ಹ್ಯಾಂಬ್ರಿಕ್ ಒಟ್ಟುಗೂಡಿಸಿದ ಮಾಹಿತಿಯ ಪ್ರಕಾರ, ಬಾಲ್ಯದಲ್ಲೇ ಒಂದೇ ಆಟಕ್ಕೆ ಕಟ್ಟುಬಿದ್ದವರು ಕಿರಿಯರ ವಿಭಾಗದಲ್ಲಿ ಮಿಂಚುತ್ತಾರೆ. ವಯಸ್ಕರಾಗಿ ವಿಶ್ವಮಟ್ಟ ಮುಟ್ಟಿದವರ ಕಥೆ ಸಾಮಾನ್ಯವಾಗಿ ತಿರುವುಮುರುವು: ಅವರು ಬಾಲ್ಯದಲ್ಲಿ ಹಲವು ಆಟ ಆಡಿದ್ದರು, ತಮ್ಮ ಮುಖ್ಯ ಆಟವನ್ನು ತಡವಾಗಿ ಹಿಡಿದರು, ಆರಂಭದಲ್ಲಿ ನಿಧಾನವಾಗಿ ಮೇಲೇರಿದರು.

ಬ್ರಿಟನ್ 2007ರಲ್ಲಿ ಎತ್ತರದ ಯುವಜನರನ್ನು ರೋಯಿಂಗ್‌ನಂಥ ಆಟಗಳಿಗೆ ಕರೆಯಿತು. ಹಾಗೆ ಬಂದ ಹೆಲೆನ್ ಗ್ಲೋವರ್ ದೋಣಿಯ ಹುಟ್ಟು ಹಿಡಿದದ್ದು 2008ರಲ್ಲಿ. 2012ರ ಲಂಡನ್‌ನಲ್ಲಿ ಚಿನ್ನ ಗೆದ್ದರು. ಹತ್ತು ಸಾವಿರ ಗಂಟೆಯ ಲೆಕ್ಕಕ್ಕೆ ಇದು ದೊಡ್ಡ ಪೆಟ್ಟು. ಆದರೆ ಗ್ಲೋವರ್ ಅಷ್ಟರಲ್ಲಾಗಲೇ ಬೇರೆ ಆಟಗಳಲ್ಲಿ ಪಳಗಿದ್ದ ದೇಹದೊಂದಿಗೆ ಬಂದಿದ್ದರು ಎಂಬುದನ್ನೂ, ವಿಶ್ವದಲ್ಲಿ ರೋಯಿಂಗ್ ಮಾಡುವವರ ಸಂಖ್ಯೆ ಓಡುವವರಷ್ಟಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಸ್ಪರ್ಧೆ ತೆಳುವಾದಲ್ಲಿ ದಾರಿ ಚಿಕ್ಕದು. ‘ಯಾರು ಬೇಕಾದರೂ’ ಎಂಬ ಪ್ರಶ್ನೆಗೆ ಆಟವಾರು ಉತ್ತರ ಬೇರೆಯಾಗುತ್ತದೆ: ಬ್ಯಾಸ್ಕೆಟ್‌ಬಾಲ್ ಮತ್ತು ಸ್ಪ್ರಿಂಟ್‌ನಲ್ಲಿ ದೇಹ ಬೇಗ ಬಾಗಿಲು ಹಾಕುತ್ತದೆ, ಶೂಟಿಂಗ್‌ನಲ್ಲಿ ಬಹಳ ಹೊತ್ತು ತೆರೆದಿಡುತ್ತದೆ.

ಇನ್ನೂ ಬಗೆಹರಿಯದ್ದು

ತಾಲೀಮಿನ ಹಠವೇ ಹುಟ್ಟಿನಿಂದ ಬರುತ್ತದೆಯೇ ಎಂಬುದು ಮೊದಲನೆಯದು. 2014ರಲ್ಲಿ ಸ್ವೀಡನ್ನಿನ ಅವಳಿಗಳ ಅಧ್ಯಯನ ಸಂಗೀತದ ಅಭ್ಯಾಸ ಮಾಡುವ ಪ್ರವೃತ್ತಿಯಲ್ಲೇ ಗಣನೀಯ ವಂಶಾಂಶ ಕಂಡಿತು. ಕ್ರೀಡೆಯಲ್ಲೂ ಹಾಗೇ ಇದ್ದರೆ, ಶ್ರಮವನ್ನು ಪ್ರತಿಭೆಯ ಎದುರು ನಿಲ್ಲಿಸುವ ನಮ್ಮ ರೂಢಿಯನ್ನೇ ಬಿಡಬೇಕಾಗುತ್ತದೆ.

ಎರಡನೆಯದು ಜೀನ್‌ಗಳ ಲೆಕ್ಕ. ಸಹನಾಶಕ್ತಿಗೆ ಸಂಬಂಧಿಸಿದ 23 ಅನುಕೂಲಕರ ಜೀನ್ ರೂಪಗಳು ಎಲ್ಲವೂ ಕೂಡಿಬಂದ ಒಬ್ಬ ವ್ಯಕ್ತಿ ಇಡೀ ಭೂಮಿಯ ಮೇಲೆ ಇರುವ ಸಾಧ್ಯತೆಯೇ ಇಲ್ಲವೆನ್ನುವಷ್ಟು ಕಡಿಮೆ ಎಂದು 2008ರಲ್ಲಿ ಇಬ್ಬರು ಬ್ರಿಟಿಷ್ ಸಂಶೋಧಕರು ಲೆಕ್ಕ ಹಾಕಿದರು. ಸಣ್ಣಸಣ್ಣ ಪ್ರಭಾವದ ನೂರಾರು ಜೀನ್‌ಗಳು ತಾಲೀಮಿನೊಂದಿಗೆ ಹೇಗೆ ಹೆಣೆದುಕೊಳ್ಳುತ್ತವೆ ಎಂಬ ಚಿತ್ರ ಇನ್ನೂ ಮೂಡಿಲ್ಲ. ಮಗುವಿನ ಎಂಜಲು ಪರೀಕ್ಷಿಸಿ ಯಾವ ಆಟ ಹೊಂದುತ್ತದೆಂದು ಹೇಳುವ ವ್ಯಾಪಾರ ಆಗಲೇ ನಡೆದಿದೆ. ಪ್ರತಿಭೆ ಗುರುತಿಸಲು ಇಂಥ ಪರೀಕ್ಷೆಗಳಿಗೆ ಯಾವ ಪಾತ್ರವೂ ಇಲ್ಲ ಎಂದು ಕ್ರೀಡಾ ತಳಿವಿಜ್ಞಾನಿಗಳು 2015ರಲ್ಲೇ ಒಮ್ಮತದ ಹೇಳಿಕೆ ಕೊಟ್ಟಿದ್ದಾರೆ.

ಮೂರನೆಯದು ನಿಜವಾದ ಪರೀಕ್ಷೆಯ ಅಭಾವ. ಮಕ್ಕಳನ್ನು ಚೀಟಿ ಎತ್ತಿ ಆರಿಸಿ, ಇಪ್ಪತ್ತು ವರ್ಷ ಸಮಾನ ತರಬೇತಿ ಕೊಟ್ಟು ನೋಡಿದವರಿಲ್ಲ, ನೋಡುವುದೂ ಸಲ್ಲದು. ಆದ್ದರಿಂದ ನಮಗೆ ಸಿಗುವುದು ಗೆದ್ದವರ ನೆನಪಿನ ಲೆಕ್ಕಗಳು. ಅಷ್ಟೇ ಬೆವರು ಹರಿಸಿ, ಗಾಯಗೊಂಡು, ಸಂಬಳಕ್ಕೆಂದು ಬಿಟ್ಟುಹೋದವರು ಆ ಲೆಕ್ಕದಲ್ಲಿ ಇರುವುದಿಲ್ಲ.

ಇಷ್ಟರ ಮೇಲೆ ನನ್ನ ತೀರ್ಪು: ಯಾರು ಬೇಕಾದರೂ ವಿಶ್ವಮಟ್ಟ ಮುಟ್ಟಬಹುದು ಎಂಬ ವಾದ ನಿಲ್ಲುವುದಿಲ್ಲ, ಆದರೆ ಯಾರು ಮುಟ್ಟಲಾರರು ಎಂದು ಮೊದಲೇ ಹೇಳುವ ಸಾಧನ ಯಾರ ಬಳಿಯೂ ಇಲ್ಲ. ಭಾರತದಲ್ಲಂತೂ ಆ ಪ್ರಶ್ನೆ ಕೇಳುವ ಹಂತಕ್ಕೇ ನಾವು ಬಂದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ದೇಶದಲ್ಲಿ ಶೇ 35.5, ಕರ್ನಾಟಕದಲ್ಲಿ ಶೇ 35.4. ಮೊದಲೆರಡು ವರ್ಷದಲ್ಲಿ ಕಳೆದುಕೊಂಡ ಬೆಳವಣಿಗೆಯ ಹೆಚ್ಚಿನಂಶವನ್ನು ಯಾವ ಕೋಚ್ ಕೂಡ ಮರಳಿ ತರಲಾರ. ಈ ಮಕ್ಕಳ ಮಿತಿ ಜೀನ್‌ನಲ್ಲಿತ್ತೋ ತಟ್ಟೆಯಲ್ಲಿತ್ತೋ ಎಂದು ಇನ್ನು ಮುಂದೆ ಯಾರೂ ಹೇಳಲು ಸಾಧ್ಯವಿಲ್ಲ. ತಂದೆತಾಯಿಗಳೇ, ಎಂಟು ವರ್ಷದ ಮಗುವಿಗೆ ಒಂದೇ ಆಟ ಕಟ್ಟಬೇಡಿ, ಎಂಜಲು ಪರೀಕ್ಷೆಗೆ ಹಣ ಸುರಿಯಬೇಡಿ. ನಿಮ್ಮೂರಿನ ಶಾಲೆಗೆ ಮೈದಾನ ಇದೆಯೇ, ದೈಹಿಕ ಶಿಕ್ಷಕರ ಹುದ್ದೆ ಭರ್ತಿಯಾಗಿದೆಯೇ ಎಂದು ಹೋಗಿ ಕೇಳಿ.